ಚಾದರ ಹೊದಿಸಿದ ಮಗ್ಗ

ನಮ್ಮ ಕಡೆ ಮೋರಿ ತೋಡಲು ಜೆಸಿಬಿ ಬಂತೆಂದರೆ ಅರ್ಧ ಓಣಿ ಕೆಲಸ ಬಿಟ್ಟು ನೋಡಲು ನಿಲ್ಲುತ್ತದೆ. ಕೆಲಸ ಸರಿಯಾಗಿ ನಡೆದರೆ ಎಲ್ಲರಿಗೂ ಸಂತೋಷ. ಯಾರದೋ ಕಟ್ಟೆ ಒಡೆಯಿತು, ಯಾರದೋ ನಳದ ಪೈಪು ಕಿತ್ತು ಬಂತು ಎಂದರೆ ಮಾತ್ರ ಎಲ್ಲರ ಬಾಯಿಯೂ ಬಂದ್. ಕಾಂಟ್ರಾಕ್ಟರ್ ಕಡೆಯವರು "ಇಂಥವೆಲ್ಲ ಆಗ್ತಿರ್ತಾವ್ರಿ" ಎನ್ನುತ್ತಾರೆ. ಮನೆಯವರು "ಏನ್ ಮಾಡಾಕ ಬರ್ತೈತಿ" ಎನ್ನುತ್ತಾರೆ. ಅಲ್ಲಿಗೆ ಪಂಚಾಯಿತಿ ಮುಗಿಯಿತು. ತೆಲುಗು ನಾಡಿನ ಗಡಿಯಲ್ಲಿರುವ ನಾರಾಯಣಪೇಟೆಯ ನೇಕಾರರ ಓಣಿಯ ಸಾಯಣ್ಣ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ತನಗಾದ ನಷ್ಟವನ್ನು ತಾನೇ ಮುಚ್ಚಿಟ್ಟ.

ಅವತ್ತು ಮಂಗಳವಾರ. ಸಾಯಣ್ಣನ ಹೆಂಡತಿ ಅನಂತಮ್ಮ ಬಾಣಂತಿ ಮಗಳನ್ನು ನೋಡಿಕೊಳ್ಳಲು ಮಕ್ತಲ್‌ಗೆ ಹೋಗಿದ್ದಳು. ಸಾಯಣ್ಣ ಒಬ್ಬನೇ ಕುಣಿ ಮಗ್ಗದಲ್ಲಿ ಕೂತಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಹಳದಿ ಒಡಲು, ಕೆಂಪು ಅಂಚಿನ ರೇಷ್ಮೆ ಸೀರೆ ಮುಕ್ಕಾಲು ಮುಗಿದಿತ್ತು. ನೂಲು ಸಾಹುಕಾರ ಶರಣಯ್ಯನದು, ಸೀರೆ ಗದ್ವಾಲದ ಒಂದು ಮದುವೆ ಮನೆಗೆ ಹೋಗಬೇಕಾದದ್ದು.

ಹೊರಗೆ ಜೆಸಿಬಿಯ ಬಕೆಟ್ಟು ಮನೆಯ ಮೂಲೆಗೆ ಬಡಿಯಿತು. ಕಲ್ಲು ಮಣ್ಣಿನ ಹಳೆಯ ಗೋಡೆ, ಮೂಲೆಗೆ ಮೂಲೆಯೇ ಕುಸಿದು ಮಗ್ಗದ ಮೇಲೆ ಬಿತ್ತು. ಜೊತೆಗೆ ನಳದ ಪೈಪು ಒಡೆದು ನೀರು ರಭಸದಿಂದ ಒಳಗೆ ನುಗ್ಗಿತು. ಸಾಯಣ್ಣ ಜಿಗಿದು ಮೇಲೆ ಬರುವಷ್ಟರಲ್ಲಿ ಕುಣಿ ತುಂಬಿತ್ತು. ಕೆಂಪು ಬಣ್ಣ ಹಳದಿಗೆ ಇಳಿಯುವುದನ್ನು ಅವನು ಕಣ್ಣಾರೆ ನೋಡಿದ.

ಇಲ್ಲಿ ಒಂದು ಮಾತು ಹೇಳಬೇಕು. ಆ ಓಣಿಯಲ್ಲಿ ಮಗ್ಗದ ಮೇಲಿನ ಸೀರೆಯನ್ನು ಸೆರಗು ಮುಗಿಯುವ ತನಕ ಹೊರಗಿನವರಿಗೆ ತೋರಿಸುವುದಿಲ್ಲ. ನಡುವೆ ಕೆಟ್ಟಿತೆಂದು ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಕತ್ತರಿಸಿ ಇಳಿಸಿದರಂತೂ ಅವನ ಹೆಸರೇ ಹೋಯಿತು. ಯಾಕೆ ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ಕೇಳುವವರು ಕಡಿಮೆ. "ಹಾಸು ಕೊಯ್ದಾನಂತ" ಎಂಬ ಮಾತು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ. ಮೂವತ್ತು ವರ್ಷದಲ್ಲಿ ಸಾಯಣ್ಣ ಒಂದು ಹಾಸನ್ನೂ ಕೆಡಿಸಿದವನಲ್ಲ. ಹೊರಗೆ ಜನ ಸೇರಿದ ಸದ್ದು ಕೇಳಿದ್ದೇ ತಡ, ಅವನು ಹಾಸಿಗೆಯ ಮೇಲಿದ್ದ ಚಾದರ ಎಳೆದು ಮಗ್ಗಕ್ಕೆ ಹೊದಿಸಿ, ಬಂದು ಬಾಗಿಲಿಗೆ ಅಡ್ಡ ನಿಂತ.

ಎದುರು ಮನೆಯ ರಾಧಿಕಾ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದಳು. ಅವಳು ಮಹಿಳಾ ಸಂಘದ ಲೀಡರು.

"ಕಾಕಾ, ಸ್ವಲ್ಪ ಸರಿರಿ, ಒಳಗಿಂದೂ ಬರ್ಲಿ."

"ನನ್ನ ಮರ್ಯಾದಿ ತಗೀಬ್ಯಾಡವ್ವ! ಬಂದ್ ಮಾಡದನ್ನ!" ಎಂದು ಸಾಯಣ್ಣ ಗದರಿದ. ರಾಧಿಕಾ ಪಾಪ, ಫೋನು ಕೆಳಗಿಳಿಸಿದಳು. ತೆಗೆದದ್ದನ್ನು ಮಾತ್ರ ಅಳಿಸಲಿಲ್ಲ.

ಅರ್ಧ ತಾಸಿನಲ್ಲಿ ಕಾಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಉದಯಕುಮಾರ ಬೈಕಿನಲ್ಲಿ ಬಂದ. ಬಾಯಿ ತುಂಬ ಬೆಲ್ಲ.

"ತಪ್ಪಾತ್ರಿ ಪೆದ್ದಾಯನಾ, ಹಿರ್ಯಾರು ನೀವು. ಡ್ರೈವರ್ ಹೊಸಬ ಅದಾನ. ಕಚೇರಿ, ಅರ್ಜಿ ಅಂತ ಯಾಕ ತಿರುಗಾಡೋದು? ನಾವ್ ನಾವ ಮಾತಾಡಿ ಮುಗಸೋಣು. ಒಳಗ ಏನರ ನುಕ್ಸಾನ್ ಆಗೈತೇನ್ರಿ? ನಡೀರಿ, ನೋಡೋಣು."

ಓಣಿಯವರೆಲ್ಲ ಕತ್ತು ಚಾಚಿದರು. ಸಾಯಣ್ಣ ಬಾಗಿಲನ್ನು ಅರ್ಧ ಎಳೆದುಕೊಂಡ.

"ಒಳಗ ಏನಿಲ್ರಿ" ಎಂದ.

ಉದಯಕುಮಾರ ಮೂರು ಸಾವಿರ ರೂಪಾಯಿ ಅವನ ಕೈಗಿಟ್ಟು, ತೆಲುಗಿನಲ್ಲಿ ಟೈಪು ಮಾಡಿದ ಹಾಳೆ ಮುಂದೆ ಹಿಡಿದ. ಸಾಯಣ್ಣನಿಗೆ ತೆಲುಗು ಓದಲು ಬರುತ್ತದೆ. ಆದರೆ ಅಷ್ಟು ಜನರ ಮುಂದೆ ಓದುತ್ತ ನಿಂತರೆ ಹೊತ್ತಾಗುತ್ತದೆ, ಹೊತ್ತಾದರೆ ಯಾರಾದರೂ ಒಳಗೆ ಇಣುಕುತ್ತಾರೆ. ಇವರೆಲ್ಲ ಮೊದಲು ಇಲ್ಲಿಂದ ಹೋದರೆ ಸಾಕು ಎನಿಸಿತ್ತು ಅವನಿಗೆ. ಓದದೆ ದಸ್ಕತ್ ಹಾಕಿದ.

ಆಮೇಲಿನ ಹತ್ತು ದಿನ ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಒಡೆದ ಮೂಲೆಗೆ ತಗಡು ಕಟ್ಟಿದ. ಮಗ್ಗದ ಚಾದರ ತೆಗೆಯಲು ಧೈರ್ಯ ಬರಲಿಲ್ಲ. ಸಾಹುಕಾರ ಫೋನು ಮಾಡಿದಾಗ "ಸೆರಗಿಗೆ ಬಂದೈತ್ರಿ" ಎಂದ. ಹೆಂಡತಿ ಫೋನು ಮಾಡಿದಾಗಲೂ ಅದನ್ನೇ ಹೇಳಿದ. ಲಾಳಿಯ ಸದ್ದು ಕೇಳದಿದ್ದರೆ ಓಣಿಯವರಿಗೆ ಸಂಶಯ ಬಂದೀತೆಂದು ರೇಡಿಯೋ ಜೋರಾಗಿ ಹಚ್ಚಿಕೊಂಡು ಕೂತ. ಐವತ್ತೈದರ ಮನುಷ್ಯ ಹೀಗೆ ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಬದುಕಿದ.

ಹನ್ನೊಂದನೆಯ ದಿನ ಅನಂತಮ್ಮ ಮಕ್ತಲ್ ಬಸ್ಸಿಳಿದು ಮನೆಗೆ ಬಂದಳು. ತಗಡು ನೋಡಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಸಣ್ಣದು ಬಿಡು. ಜೆಸಿಬಿ ತಗಲಿತ್ತು. ರೊಕ್ಕ ಕೊಟ್ಟಾರ."

"ಎಷ್ಟು ಕೊಟ್ಟಾರ?"

"ಮೂರು ಸಾವಿರ."

ಅನಂತಮ್ಮ ಒಳಗೆ ಬಂದಳು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಸಾಯಣ್ಣ "ಏ, ಇರ್ಲಿ, ಇರ್ಲಿ" ಎನ್ನುತ್ತಿದ್ದಂತೆ ಅವಳು ಚಾದರ ಎತ್ತಿದಳು. ಎಳೆ ಹಿಡಿಯುವ ಹಣಿಗೆಗೆ ಮೆತ್ತಿದ ಮಣ್ಣು, ಉಬ್ಬಿ ಬಿರಿದ ಮರ, ಬೂಸಲು ಹಿಡಿದ ಸೀರೆ. ಹಳದಿ ಯಾವುದು ಕೆಂಪು ಯಾವುದು ತಿಳಿಯುತ್ತಿರಲಿಲ್ಲ. ಇನ್ನೂ ಮೂರು ಸೀರೆಗಾಗುವಷ್ಟು ಹಾಸು ಅದರ ಜೊತೆಗೇ ಕೆಟ್ಟಿತ್ತು. ಗೋಡೆಯ ಪಕ್ಕದಲ್ಲಿದ್ದ, ಅವಳು ನೂಲು ಸುತ್ತುವ ರಾಟಿಯ ಚಕ್ರ ಮುರಿದಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಸಾಯಣ್ಣನಿಗೆ ಹಗುರವಾಗುತ್ತಿತ್ತು.

"ಇದನ್ನ ಅವರಿಗೆ ತೋರಿಸಿದ್ರೇನು?"

"ಇಲ್ಲ."

"ಕೇಳಿದ್ರ ಏನಂದ್ರಿ?"

ಸಾಯಣ್ಣ ನೆಲ ನೋಡಿದ. "ಒಳಗ ಏನಿಲ್ಲ ಅಂದೆ."

"ಏನಿಲ್ಲ?" ಅನಂತಮ್ಮನ ದನಿ ಸಣ್ಣದಾಯಿತು. "ನಾ ಒಂದೂವರೆ ತಿಂಗಳು ಕೂತು ನೂಲು ಬಿಡಿಸಿದ್ದು, ಕಂಡಿಕಿ ಸುತ್ತಿದ್ದು, ಎಳಿ ಎಳಿ ಹಚ್ಚಿಕೊಟ್ಟಿದ್ದು, ಅದೂ ಏನಿಲ್ಲೇನ್ರಿ?"

ಸಾಯಣ್ಣ ಅವಳ ಕೈಯಿಂದ ಚಾದರ ತೆಗೆದುಕೊಂಡು ಮಡಚತೊಡಗಿದ. ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದ.

ಅನಂತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋಗಿ ರಾಧಿಕಾಳನ್ನು ಕರೆತಂದಳು. ಮೊನ್ನೆ ಗದರಿಸಿಕೊಂಡಿದ್ದ ಹುಡುಗಿ ಈಗ ಮಗ್ಗದ ಸುತ್ತ ತಿರುಗಿ ನೋಡಿದಳು. ಸಾಯಣ್ಣ ಅವಳ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿ ಮಾತಾಡಿದ.

"ದಸ್ಕತ್ ಹಾಕಿಬಿಟ್ಟೀನಿ ತಾಯಿ. ರೊಕ್ಕಾನೂ ತಗೊಂಡೀನಿ. ಇನ್ನ ಯಾವ ಮುಖ ಇಟಗೊಂಡು ಕೇಳ್ಲಿ?"

"ಓದದ ದಸ್ಕತ್ ಹಾಕಿದ್ದು ತಪ್ಪ ಐತಿ ಕಾಕಾ. ಕೆಲಸ ಬಿಗಿ ಆಗೈತಿ. ಆದ್ರ ಮುಗದೇ ಹೋತು ಅಂತ ನಾವ ಹೇಳೋದು ಬ್ಯಾಡ, ತಿಳಿದವರನ್ನ ಕೇಳೋಣು. ಸಂಘದ ಸಭಿಗೆ ಬಂದಿದ್ದ ವಕೀಲರು ಒಂದು ನಂಬರ್ ಕೊಟ್ಟಾರ. ಒಂದು ಐದು ಒಂದು ಸೊನ್ನಿ ಸೊನ್ನಿ. ಕಾನೂನು ಸೇವಾದವರದು. ಸಲಹಾಕ್ಕ ರೊಕ್ಕ ಬೇಕಿಲ್ಲ."

ಫೋನಿನಲ್ಲಿ ಮಾತಾಡಿದವರು ನಾಲ್ಕು ಮಾತು ಹೇಳಿದರು. ದಸ್ಕತ್ ಹಾಕಿದ್ದನ್ನು ಮುಚ್ಚಿಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಯಾವ ಕಚೇರಿ ಈ ಕೆಲಸ ಮಾಡಿಸುತ್ತಿದೆಯೋ ಅಲ್ಲಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕೆಟ್ಟ ವಸ್ತುಗಳನ್ನು ಎಸೆಯಬೇಡಿ, ತೊಳೆಯಬೇಡಿ. ಕಾಂಟ್ರಾಕ್ಟರ್‌ಗೆ ಕೊನೆಯ ಬಿಲ್ಲು ಆಗುವ ಮೊದಲೇ ಕೇಳಿ.

"ಏನೂ ತೊಳದಿಲ್ಲ ಕಾಕಾ, ಅದೊಂದು ಪುಣ್ಯ ಕಟಗೊಂಡ್ರಿ" ಎಂದಳು ರಾಧಿಕಾ. ಸಾಯಣ್ಣನ ನಾಚಿಕೆ ಮಾಡಿದ ಒಳ್ಳೆಯ ಕೆಲಸ ಅದೊಂದೇ. ಅವಳು ಮಗ್ಗದ ಫೋಟೋಗಳನ್ನು ಎಲ್ಲ ಕಡೆಯಿಂದ ತೆಗೆದಳು. ಹತ್ತು ದಿನದ ಹಿಂದಿನ ವಿಡಿಯೋ ಹೇಗೂ ಇತ್ತು. ನೀರು ಒಳಗೆ ನುಗ್ಗಿದ್ದು, ಜೆಸಿಬಿಯ ನಂಬರು, ಅವತ್ತಿನ ತಾರೀಖು ಎಲ್ಲ ಅದರಲ್ಲಿದ್ದವು.

ಗೋಡೆ ನೋಡಲು ಮೇಸ್ತ್ರಿ ವೀರಯ್ಯ ಬಂದ. ಅಳತೆ ಹಿಡಿದು, ಮೂಲೆಯ ಗೋಡೆ ಹೊಸದಾಗಿ ಕಟ್ಟಲು ನಲವತ್ತೆರಡು ಸಾವಿರ ಎಂದು ಬರೆದುಕೊಟ್ಟ. ಹೋಗುವಾಗ ಹಿಂದಿನ ಗೋಡೆಯ ಬಿರುಕು ತೋರಿಸಿ ಕಣ್ಣು ಹೊಡೆದ.

"ಇದನ್ನೂ ಜೆಸಿಬಿ ಲೆಕ್ಕಕ್ಕ ಸೇರಿಸಿಬಿಡೋಣೇನು ಸಾಯಣ್ಣ? ಯಾರಿಗೆ ಗೊತ್ತಾಗ್ತೈತಿ?"

"ಬ್ಯಾಡಪಾ. ಅದು ಮೂರು ಮಳೆಗಾಲದ ಹಿಂದಿಂದು" ಎಂದ ಸಾಯಣ್ಣ. ಸುಳ್ಳು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಅರ್ಜಿ ಬರೆಯುವಾಗ ರಾಧಿಕಾ ಕೇಳಿದಳು, "ಮಗ್ಗ ನಿಂತದ್ದಕ್ಕ ಮಜೂರಿನೂ ಕೇಳಬೇಕು. ಎಷ್ಟು ದಿವಸ, ಎಷ್ಟು ಮಂದಿದು?"

"ಇಪ್ಪತ್ತೈದು ದಿವಸ ಬರಿ. ನಾ ಒಬ್ನ."

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಸಾಯಣ್ಣ ಅದನ್ನು ಗಮನಿಸಲಿಲ್ಲ. ನೇಕಾರರಲ್ಲಿ ಮಜೂರಿ ಎಂದರೆ ಮಗ್ಗದಲ್ಲಿ ಕೂತವನದು. ಸಾಹುಕಾರರು ಸೀರೆಗಿಷ್ಟು ಎಂದು ಅವನ ಕೈಗೆ ಕೊಡುತ್ತಾರೆ. ಹೆಂಡತಿ ರಾಟಿ ತಿರುವಿ ಲಾಳಿಯ ಕಂಡಿಕೆಗೆ ನೂಲು ಸುತ್ತುವುದಕ್ಕೆ ಬೇರೆ ಬೆಲೆ ಹಿಡಿಯುವ ರೂಢಿಯೇ ಇಲ್ಲ.

ಎಲ್ಲಕ್ಕಿಂತ ಕಷ್ಟದ ಕೆಲಸ ಬಾಕಿ ಇತ್ತು. ಸಾಹುಕಾರ ಶರಣಯ್ಯನ ಮುಂದೆ ನಿಲ್ಲಬೇಕು. ಸಾಯಣ್ಣ ಮಗ್ಗದ ಪಕ್ಕದಲ್ಲಿ ನೆನೆದು ಬೂಸಲು ಹಿಡಿದ ನೂಲಿನ ಒಂದು ಲಡಿಯನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋದ. ಅಲ್ಲಿ ಗಿರಾಕಿಗಳು ಕೂತಿದ್ದರು. ಅವರು ಏಳುವ ತನಕ ಕಾದು ಮಾತು ತೆಗೆಯುವುದು ಅವನ ಲೆಕ್ಕ. ಶರಣಯ್ಯನೇ ಕೂಗಿದ, "ಏನೋ ಸಾಯಣ್ಣ, ಸೀರಿ ತಂದ್ಯೇನು?"

ಸಾಯಣ್ಣ ಚೀಲ ಬಿಚ್ಚಿದ. ಅಂಗಡಿ ತುಂಬ ಮುಗ್ಗಲು ವಾಸನೆ. ಗಿರಾಕಿಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸಾಯಣ್ಣನ ಕಿವಿಗಳು ಸುಡುತ್ತಿದ್ದವು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದ. ಶರಣಯ್ಯ ಲಡಿಯನ್ನು ಬೆಳಕಿಗೆ ಹಿಡಿದು ನೋಡಿದ.

"ನೀರು ಹೊಕ್ಕದ್ದು ನಿನ್ನ ತಪ್ಪಲ್ಲ. ಹತ್ತು ದಿವಸ ನನಗ ಸುಳ್ಳು ಹೇಳಿದ್ದು ನಿನ್ನ ತಪ್ಪು. ಅವತ್ತ ಹೇಳಿದ್ದರ ಮದುವಿ ಮನಿಗೆ ಬ್ಯಾರೆ ಮಗ್ಗದ ಸೀರಿ ಹೊಂದಸ್ತಿದ್ದೆ. ಈಗ ನನ್ನ ಮಾತೂ ಹೋತು."

"ಹೌದ್ರಿ ಸಾವ್ಕಾರ್ರ" ಎಂದ ಸಾಯಣ್ಣ.

ಶರಣಯ್ಯ ಸಿಟ್ಟಿನಲ್ಲೇ ರೇಷ್ಮೆಯ ಬೆಲೆ ಬರೆದು ಅಂಗಡಿಯ ಮುದ್ರೆ ಹಾಕಿ ಚೀಟಿ ಕೊಟ್ಟ.

ಅರ್ಜಿ ಕೊಟ್ಟ ಆರನೆಯ ದಿನ ಮುನ್ಸಿಪಾಲಿಟಿಯ ಇಂಜಿನಿಯರ್ ಶೈಲಜಾ ಮನೆ ನೋಡಲು ಬಂದರು. ಉದಯಕುಮಾರನೂ ಬಂದ. ಈ ಸಲ ಬಾಯಲ್ಲಿ ಬೆಲ್ಲ ಇರಲಿಲ್ಲ. ದಸ್ಕತ್ತಿನ ಹಾಳೆ ಮುಂದೆ ಹಿಡಿದ.

"ನೋಡ್ರಿ ಮೇಡಂ. 'ಒಳಗೆ ಯಾವ ನಷ್ಟವೂ ಆಗಿಲ್ಲ, ಪೂರ್ತಿ ಹಣ ಮುಟ್ಟಿದೆ' ಅಂತ ಇವರ ಬರಕೊಟ್ಟಾರ. ಇವತ್ತು ಬಂದು ರೇಷ್ಮಿ ಅಂತಾರ, ಮಗ್ಗ ಅಂತಾರ. ಇದು ಯಾವ ನ್ಯಾಯ್ರಿ?"

ಬಾಗಿಲಲ್ಲಿ ಓಣಿಯವರು ನಿಂತಿದ್ದರು. ಚಾದರ ತೆಗೆದ ಮಗ್ಗ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಯಾವುದನ್ನು ಮುಚ್ಚಲು ಸಾಯಣ್ಣ ಇಷ್ಟೆಲ್ಲ ಮಾಡಿದನೋ ಅದು ಈಗ ಊರಿಗೇ ಬಯಲಾಗಿತ್ತು.

"ದಸ್ಕತ್ ನಂದ ಐತ್ರಿ ಅಮ್ಮ" ಎಂದ ಅವನು. "ಓದಲಿಲ್ರಿ. ಹಾಸು ಕೆಟ್ಟದ್ದನ್ನ ಮಂದಿ ನೋಡ್ತಾರ ಅಂತ ನಾಚಿಕಿ ಬಂದು, ಒಳಗ ಏನಿಲ್ಲ ಅಂದೆ. ಅದು ಸುಳ್ಳ್ರಿ. ಹೊಕ್ಕ ನೀರು ಮಾತ್ರ ಸುಳ್ಳಲ್ರಿ."

ರಾಧಿಕಾ ವಿಡಿಯೋ ತೋರಿಸಿದಳು. ಇಂಜಿನಿಯರಮ್ಮ ಎರಡು ಸಲ ನೋಡಿದರು. ಮಗ್ಗದ ಮಣ್ಣು, ಗೋಡೆಯ ಮೇಲೆ ನೀರು ನಿಂತ ಗುರುತು, ಮೇಸ್ತ್ರಿಯ ಚೀಟಿ, ಸಾಹುಕಾರನ ಚೀಟಿ, ಎಲ್ಲ ನೋಡಿ ಹಿಂದಿನ ಗೋಡೆಯ ಹತ್ತಿರ ಹೋದರು.

"ಈ ಬಿರುಕೂ ಜೆಸಿಬಿದೇನ್ರಿ?"

"ಅಲ್ರಿ ಅಮ್ಮ, ಅದು ಹಳೇದು. ಅದಕ್ಕ ನಾ ಏನೂ ಕೇಳಿಲ್ರಿ."

ಇಂಜಿನಿಯರಮ್ಮ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದರು. ಆಮೇಲೆ ಉದಯಕುಮಾರನಿಗೆ ಹೇಳಿದರು, "ಇದು ಇತ್ಯರ್ಥ ಆಗೋ ತನಕ ಈ ಓಣಿಯ ಬಿಲ್ಲು ನಾನು ಮುಂದಕ್ಕೆ ಕಳಿಸೋದಿಲ್ಲ. ಕೂತು ಮಾತಾಡಿ."

ಚೌಕಾಸಿ ನಡೆಯಿತು. ಉದಯಕುಮಾರ ಎಲ್ಲ ಸೇರಿ ಹದಿನೈದು ಸಾವಿರದಿಂದ ಶುರು ಮಾಡಿದ. ಸಾಯಣ್ಣ ದನಿ ಏರಿಸಲಿಲ್ಲ. ಒಂದೊಂದೇ ಚೀಟಿ ಮುಂದಿಟ್ಟು "ಇದರಾಗ ಯಾವುದು ಜಾಸ್ತಿ ಹೇಳ್ರಿ" ಎಂದ. ಗೋಡೆಯನ್ನು ಕಾಂಟ್ರಾಕ್ಟರೇ ಹದಿನೈದು ದಿನದೊಳಗೆ ಕಟ್ಟಿಸಿಕೊಡಬೇಕು, ಇಂಜಿನಿಯರಮ್ಮ ನೋಡಿ ಒಪ್ಪಬೇಕು ಎಂದಾಯಿತು. ರೇಷ್ಮೆ ಮತ್ತು ಮಗ್ಗದ ಸಾಮಾನಿಗೆ ಇಪ್ಪತ್ತಮೂರು ಸಾವಿರ ಒಪ್ಪಿದರು. ಮಜೂರಿಯ ದಿನ ಇಪ್ಪತ್ತೈದು ಕೇಳಿದ್ದು ಇಪ್ಪತ್ತಕ್ಕೆ ಇಳಿಯಿತು. ಐದು ದಿನದ ಮಜೂರಿ ಬಿಟ್ಟರೂ ನಡೆದೀತೆಂದು ಸಾಯಣ್ಣ ಒಪ್ಪಿದ.

"ಮಜೂರಿ ಒಬ್ಬರದು, ಅಲ್ಲೇನ್ರಿ?" ಎಂದು ಇಂಜಿನಿಯರಮ್ಮ ಅರ್ಜಿ ನೋಡಿ ಕೇಳಿದರು.

"ಹೌದ್ರಿ ಮೇಡಂ, ಒಬ್ಬರದ" ಎಂದ ಉದಯಕುಮಾರ, ತನ್ನನ್ನು ಯಾರೂ ಕೇಳದಿದ್ದರೂ.

ಸಾಯಣ್ಣನೂ ಹೌದೆನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅನಂತಮ್ಮ ಕಣ್ಣಿಗೆ ಬಿದ್ದಳು. ಅವಳು ಯಾರ ಕಡೆಗೂ ನೋಡದೆ, ಮುರಿದ ಚಕ್ರದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಸಾಯಣ್ಣನ ಮುಖಕ್ಕೆ ರಕ್ತ ನುಗ್ಗಿತು. ಮಂದಿಯ ಮುಂದೆ ಆದ ಅವಮಾನ ಇದರ ಮುಂದೆ ಏನೂ ಅಲ್ಲ ಎನಿಸಿತು. ಕಾಂಟ್ರಾಕ್ಟರ್ ತನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಕಚೇರಿ ಹತ್ತಿದವನು, ಈಕೆಯ ದುಡಿಮೆಯನ್ನು ತಾನು ಯಾವತ್ತು ಹಿಡಿದಿದ್ದ?

"ಇಲ್ರಿ ಅಮ್ಮ" ಎಂದ. "ನಾ ತಪ್ಪು ಬರೆಸೀನಿ. ಈ ಮಗ್ಗದಾಗ ದುಡಿಯೋರು ಇಬ್ರು."

ಉದಯಕುಮಾರ ನಕ್ಕ. "ಹೆಣ್ಮಕ್ಕಳು ಮನ್ಯಾಗ ಕೂತು ರಾಟಿ ತಿರುವಿದ್ದಕ್ಕೂ ಮಜೂರಿ ಏನ್ರಿ? ನೀವರ ಎಂದಾದ್ರೂ ಕೊಟ್ಟೀರೇನು?"

"ಕೊಟ್ಟಿಲ್ರಿ. ಮೂವತ್ತು ವರ್ಷ ಕೊಟ್ಟಿಲ್ಲ, ಎಣಿಸಿನೂ ಇಲ್ಲ. ಅದಕ್ಕ ನಾ ಆಕಿ ಮುಂದ ತಲಿ ತಗ್ಗಸ್ತೀನಿ. ಆದ್ರ ಆಕಿ ರಾಟಿ ಮುರದದ್ದು ನಿಮ್ಮ ಜೆಸಿಬಿ. ಅದರ ಲೆಕ್ಕ ನೀವ ಕೊಡಬೇಕು."

ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸರು ಕೆಮ್ಮಿದರು. ಇಂಜಿನಿಯರಮ್ಮ ಅರ್ಜಿಯಲ್ಲಿ ಒಂದು ಎಂಬುದನ್ನು ಹೊಡೆದು ಎರಡು ಎಂದು ಬರೆದು, ಎರಡೂ ಕಡೆಯವರಿಂದ ಅದರ ಪಕ್ಕದಲ್ಲಿ ಸಹಿ ಮಾಡಿಸಿದರು.

ಒಪ್ಪಂದದ ಹಾಳೆ ಬಂದಾಗ ಅನಂತಮ್ಮ ಅವತ್ತು ಮೊದಲ ಸಲ ಬಾಯಿ ತೆರೆದಳು. "ಗಟ್ಟಿಯಾಗಿ ಓದ್ರಿ. ಎಲ್ಲರೂ ಕೇಳ್ಲಿ." ಸಾಯಣ್ಣ ಒಂದೊಂದು ಸಾಲನ್ನೂ ತೆಲುಗಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದ. ಮೊದಲೇ ಪಡೆದ ಮೂರು ಸಾವಿರ ಕಳೆದು, ಉಳಿದದ್ದು ಯಾವ ತಾರೀಖಿನೊಳಗೆ ಬ್ಯಾಂಕಿಗೆ ಬರಬೇಕೆಂದು ಬರೆದಿತ್ತು. ಅನಂತಮ್ಮನ ಮಜೂರಿ ಅನಂತಮ್ಮನ ಖಾತೆಗೆ ಎಂಬ ಸಾಲು ಬಂದಾಗ ಅವನು ನಿಂತ, ಆ ಸಾಲನ್ನು ಮತ್ತೊಮ್ಮೆ ಓದಿದ.

ಹಣ ಹೇಳಿದ ತಾರೀಖಿಗೆ ಬಂತು. ಗೋಡೆ ಐದು ದಿನ ತಡವಾಗಿ ಎದ್ದಿತು, ಅದಕ್ಕೂ ರಾಧಿಕಾ ಎರಡು ಸಲ ಕಚೇರಿಗೆ ಹೋಗಬೇಕಾಯಿತು. ಕೆಟ್ಟ ಹಾಸನ್ನು ಸಾಯಣ್ಣ ಹಗಲು ಹೊತ್ತಿನಲ್ಲೇ, ಬಾಗಿಲು ತೆರೆದಿಟ್ಟು ಕತ್ತರಿಸಿ ಇಳಿಸಿದ. ಓಣಿಯಲ್ಲಿ ಒಬ್ಬಿಬ್ಬರು ಆಡಿಕೊಂಡರು. ಸಾಹುಕಾರ ಹೊಸ ಹಾಸು ಕೊಟ್ಟ, ಆದರೆ ಮೊದಲಿನ ಸಲುಗೆಯಿಂದ ಮಾತಾಡಿಸಲು ಇನ್ನೂ ಮನಸ್ಸು ಮಾಡಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಓಣಿಗೂ ಇವತ್ತಲ್ಲ ನಾಳೆ ಜೆಸಿಬಿ ಬರುತ್ತದೆ. ಅವರ ಕೈಯಿಂದ ನಿಮ್ಮ ಮನೆಗೆ ಪೆಟ್ಟಾದರೆ ನಾಚಿಕೊಳ್ಳಬೇಕಾದವರು ನೀವಲ್ಲ. ಗುಡಿಸುವ ಮೊದಲು ಫೋಟೋ ತೆಗೆಯಿರಿ, ನೆರೆಯವರನ್ನು ಒಳಗೆ ಕರೆದು ತೋರಿಸಿ. ಕೈಗೆ ರೊಕ್ಕ ಹಿಡಿಸಿ ಹಾಳೆ ಚಾಚಿದರೆ "ಓದಿ ನಾಳೆ ಹೇಳ್ತೀನಿ" ಎನ್ನಿ, ಖಾಲಿ ಹಾಳೆಗಂತೂ ಸಹಿ ಬೇಡ. ಅರ್ಜಿ ಬರೆದು ಕೊಡಿ, ಮುದ್ರೆ ಇರುವ ಪ್ರತಿ ಇಟ್ಟುಕೊಳ್ಳಿ. ಮೇಸ್ತ್ರಿಯಿಂದ ಖರ್ಚಿನ ಚೀಟಿ ಬರೆಸಿ. ಆದದ್ದನ್ನು ಪೂರ್ತಿ ಕೇಳಿ, ಆಗದ್ದನ್ನು ಸೇರಿಸಬೇಡಿ. ತಿಳಿಯದಿದ್ದರೆ 15100 ಕ್ಕೆ ಫೋನು ಮಾಡಿ, ಅಥವಾ ಹತ್ತಿರದ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

ಇನ್ನೂ ಏನೂ ಆಗಿಲ್ಲವೇ? ಒಳ್ಳೆಯದು. ಹಾಗಾದರೆ ಇವತ್ತೇ ನಿಮ್ಮ ಮನೆಯ ನಾಲ್ಕೂ ಗೋಡೆಗಳ ಫೋಟೋ ತೆಗೆದಿಡಿ. ಒಂದು ಹಾಳೆಯಲ್ಲಿ ಮನೆಯೊಳಗೆ ದುಡಿಯುವವರ ಹೆಸರು, ಅವರು ಮಾಡುವ ಕೆಲಸ ಬರೆದಿಡಿ. ಬರೆದಾದ ಮೇಲೆ ಅದನ್ನು ಹೆಂಡತಿಗೆ, ತಾಯಿಗೆ, ಸೊಸೆಗೆ ಗಟ್ಟಿಯಾಗಿ ಓದಿ ಹೇಳಿ. ಯಾರ ಹೆಸರು ಬಿಟ್ಟಿದ್ದೀರಿ ಎಂದು ಅವರ ಮುಖ ನೋಡಿದರೆ ತಿಳಿಯುತ್ತದೆ.